ಅನುಮಾನವೂ ಒಂದು ಪ್ರಮಾಣ

ವಾಚಕರೆ, ಈ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಲು ಅಪ್ಪಣೆಯಾಗಬೇಕು.

ನಮ್ಮ ಮೇಗುಂದದ ಸೀಮೆಯಲ್ಲಿ ನೀರಿಗೆ ಬಡತನವಿಲ್ಲ. ಆಷಾಢದಲ್ಲಿ ಹಿಡಿದ ಮಳೆ ವಾರಗಟ್ಟಲೆ ಬಿಡುವುದೇ ಇಲ್ಲ. ಗುಡ್ಡದ ನೆತ್ತಿಯಿಂದ ಗದ್ದೆಯ ಬದುವಿನವರೆಗೆ ಎಲ್ಲೆಲ್ಲಿಯೂ ಒರತೆ. ಅಡಿಕೆ ತೋಟದ ಕಪ್ಪುಗಳಲ್ಲಿ ವರ್ಷದ ಬಹುಭಾಗ ನೀರು ಹರಿಯುತ್ತಲೇ ಇರುತ್ತದೆ. ಇಂಥ ನಾಡಿನಲ್ಲಿ, ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಒಬ್ಬ ಹುಡುಗನಿಗೆ ನೀರು ಕೊಡದೆ ನೆಲಕ್ಕೆ ಬೀಳಿಸಿದೆನೆಂದರೆ ನೀವು ನಂಬುವುದು ಕಷ್ಟ. ಆದರೂ ಅದು ನಡೆದ ಸಂಗತಿ.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕನ್ನಡ ಉಪಾಧ್ಯಾಯ. ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರ ಜಾಗ ಖಾಲಿಯಿತ್ತು. ಸಂಧಿ ಸಮಾಸಗಳನ್ನು ಕಲಿಸುವವನಿಗೇ ಆಟದ ಬಯಲಿನ ಭಾರವೂ ಬಿತ್ತು. ತಾಲ್ಲೂಕು ಮಟ್ಟದ ಪಂದ್ಯಗಳು ಹತ್ತಿರ ಬಂದಿದ್ದುವು. ಮಳೆ ಬಿಟ್ಟ ಮೇಲಿನ ಬಿಸಿಲು ಎಷ್ಟು ಚುರುಕೆಂಬುದು ಮಲೆನಾಡಿನವರಿಗೆ ಗೊತ್ತು. ಹುಡುಗರನ್ನು ಸುತ್ತು ಹಾಕಿಸುತ್ತಿದ್ದೆ. ಅವರಲ್ಲಿ ಒಬ್ಬ ಬಳಿಗೆ ಬಂದು ನೀರು ಕೇಳಿದ. “ಓಡುವಾಗ ನೀರು ಕುಡಿಯಬಾರದು, ಹೊಟ್ಟೆ ಹಿಡಿದುಕೊಳ್ಳುತ್ತದೆ, ದಮ್ಮು ಹೋಗುತ್ತದೆ. ಓಟ ಮುಗಿದ ಮೇಲೆ ಕುಡಿ” ಎಂದೆ. ಮತ್ತೆರಡು ಸುತ್ತಾದ ಮೇಲೆ ಅವನ ಕಾಲು ತೊಡರಿತು. ಬಿದ್ದವನಿಗೆ ಕರೆದರೆ ಓಗೊಡುವ ಎಚ್ಚರವಿರಲಿಲ್ಲ.

ಬಯಲಿನ ಅಂಚಿನ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಓಡಿಬಂದಳು. ಅವನನ್ನು ನೆರಳಿಗೆ ಎಳೆಸಿ, ಸೆರಗನ್ನು ತೋಯಿಸಿ ಮೈಯೊರಸಿದಳು. ಕಣ್ಣು ಬಿಟ್ಟು ಮಾತನಾಡಿದ ಮೇಲೆ ಉಪ್ಪು ಹಾಕಿದ ಗಂಜಿತಿಳಿಯನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಉಳೋ ಎತ್ತಿಗೂ ನಾವು ನೀರು ತೋರಿಸ್ತೀವಿ ಮೇಷ್ಟ್ರೆ, ಮಗೀಗೆ ಯಾಕೆ ಬ್ಯಾಡ ಅಂದ್ರಿ?” ಎಂದು ಕೇಳಿದಳು.

ಹುಡುಗ ದೇವರ ದಯೆಯಿಂದ ಸರಿಹೋದ. ಈಗ ತೋಟ ಮಾಡಿಕೊಂಡು ಸುಖವಾಗಿದ್ದಾನೆ. ಆದರೆ ಆ ಹೆಂಗಸಿನ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಯಾಕೆ ಬೇಡವೆಂದೆ? ನನ್ನ ಮೇಷ್ಟ್ರು ನನಗೆ ಹಾಗೆ ಹೇಳಿದ್ದರು, ಅದಕ್ಕೆ. ಅವರಿಗೆ ಅವರ ಮೇಷ್ಟ್ರು ಹೇಳಿದ್ದರು. ಅದರಾಚೆ ಯಾರು ಹೇಳಿದರೆಂದು ಅವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಡುವೆ ಬಿದ್ದವನು ಹುಡುಗ.

ಅಂದಿನಿಂದ ದೇಹಸಾಧನೆಯ ಬಗ್ಗೆ ಯಾರು ಏನು ಹೇಳಿದರೂ, “ಇದಕ್ಕೆ ಪ್ರಮಾಣವೇನು?” ಎಂದು ಕೇಳುವ ಅಭ್ಯಾಸ ನನಗೆ ಬಿತ್ತು. ಪ್ರಮಾಣವೆಂಬುದು ಬಹು ಸೊಗಸಾದ ಶಬ್ದ. ದೇವರ ಮುಂದೆ ನಿಂತು ಆಣೆಯಿಟ್ಟರೆ ಅದು ಪ್ರಮಾಣ. ಔಷಧಕ್ಕೆ ಎಷ್ಟು ಜೇನು, ಎಷ್ಟು ಶುಂಠಿ ಎಂಬ ಅಳತೆಯೂ ಪ್ರಮಾಣ. ವಾದದಲ್ಲಿ ಮುಂದಿಡುವ ಆಧಾರವೂ ಪ್ರಮಾಣ. ಆಣೆ, ಅಳತೆ, ಆಧಾರ ಮೂರೂ ಒಂದೇ ಮಾತಿನಲ್ಲಿ ಸೇರಿಕೊಂಡಿವೆ. ನಮ್ಮ ನೆರೆಯ ಶೃಂಗೇರಿಯ ಮಠದಲ್ಲಿ ಗಣೇಶ ಚತುರ್ಥಿಯಂದು ಮೊದಲಾಗುವ ವಾಕ್ಯಾರ್ಥ ಸಭೆಯ ವಿಚಾರವನ್ನು ನೀವು ಕೇಳಿರಬಹುದು. ಅಲ್ಲಿ ಎಂಥ ವಿದ್ವಾಂಸನೇ ಆಗಲಿ, ಪೂರ್ವಪಕ್ಷವನ್ನು ಎದುರಿಸದೆ ಸಿದ್ಧಾಂತವನ್ನು ಸ್ಥಾಪಿಸುವಂತಿಲ್ಲ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುತ್ತಾರೆ. ನಾನು ಹುಡುಗನಿಗೆ ನೀರು ನಿರಾಕರಿಸಿದ್ದು ಶಬ್ದಪ್ರಮಾಣದ ಮೇಲೆ, ಎಂದರೆ ಹಿರಿಯರ ಮಾತಿನ ಮೇಲೆ. ಹಿರಿಯರ ಮಾತು ಪ್ರಮಾಣವಾಗಬೇಕಾದರೆ ಅವರು ವಿಷಯವನ್ನು ಬಲ್ಲವರಾಗಿರಬೇಕೆಂಬ ಕಟ್ಟಳೆಯುಂಟು. ಅದನ್ನು ನಾನು ಮರೆತಿದ್ದೆ.

ಹಾಗಾದರೆ ನೀರಿನ ವಿಷಯವನ್ನು ಬಲ್ಲವರು ಯಾರು? ಅಳೆದು ನೋಡಿದವರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1927ರಿಂದ 1947ರವರೆಗೆ ಆಯಾಸವನ್ನೇ ಕುರಿತು ಸಂಶೋಧಿಸುವ ಒಂದು ಪ್ರಯೋಗಶಾಲೆಯಿತ್ತು. ಅಲ್ಲಿಯ ಪಿಟ್ಸ್, ಜಾನ್ಸನ್, ಕನ್ಸೊಲಾಜಿಯೊ ಎಂಬ ಮೂವರು 1944ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಆರೋಗ್ಯವಂತರಾದ ಗಂಡಸರನ್ನು ಕಾವೇರಿದ ಕೋಣೆಯಲ್ಲಿ, ಕಾಲಡಿಯಲ್ಲಿ ಸರಿಯುವ ಪಟ್ಟಿಯ ಮೇಲೆ, ಗಂಟೆಗಟ್ಟಲೆ ನಡೆಸಿದರು. ಒಂದು ದಿನ ನೀರೇ ಇಲ್ಲ. ಒಂದು ದಿನ ಬಾಯಾರಿದಷ್ಟು ನೀರು. ಇನ್ನೊಂದು ದಿನ ಬೆವರಾಗಿ ಹೋದಷ್ಟನ್ನೂ ತೂಗಿ ಅಷ್ಟೇ ನೀರು. ನೀರಿಲ್ಲದ ದಿನ ಮೈಯ ಕಾವು ಏರುತ್ತಲೇ ಹೋಗಿ ಅವರು ಬೇಗ ಸೋತರು. ಬೆವರಿನಷ್ಟು ನೀರು ಕುಡಿದ ದಿನ ಎಲ್ಲಕ್ಕಿಂತ ಚೆನ್ನಾಗಿ ನಡೆದರು. ನನ್ನ ಮೇಷ್ಟ್ರ ಮಾತು 1944ರಲ್ಲಿಯೇ ಸೋತಿತ್ತು. ಆ ಸೋಲಿನ ಸುದ್ದಿ ನಮ್ಮ ಬಯಲಿಗೆ ಬರಲು ಅರ್ಧ ಶತಮಾನ ಹಿಡಿಯಿತು. ಗದ್ದೆಯ ಹೆಂಗಸಿಗೆ ಅದು ಎತ್ತಿನಿಂದಲೇ ತಿಳಿದಿತ್ತು.

ಇಲ್ಲಿಗೆ ಕತೆ ಮುಗಿಯಿತೆಂದುಕೊಂಡೀರಿ, ಮುಗಿಯಲಿಲ್ಲ. ಹಳೆಯ ಮಾತು ಸೋತರೆ ಹೊಸ ಮಾತೊಂದು ಅದರ ಪೀಠವನ್ನೇರುವುದುಂಟು. ಬೆವರಿನಷ್ಟೂ ನೀರು ಕುಡಿಯಬೇಕು, ಇಲ್ಲವೆ ಹೊಟ್ಟೆ ತಾಳುವಷ್ಟನ್ನಾದರೂ ಕುಡಿಯಬೇಕು ಎಂದು 1996ರಲ್ಲಿ ಅಮೆರಿಕದ ಕ್ರೀಡಾವೈದ್ಯರ ಪ್ರಮುಖ ಸಂಸ್ಥೆಯೊಂದು ಸಾರಿತು. ಬಾಯಾರಿಕೆಯನ್ನು ನಂಬಬೇಡಿ, ಬಾಯಾರುವ ಮೊದಲೇ ಕುಡಿಯಿರಿ ಎಂಬ ಮಾತು ಎಲ್ಲ ಕಡೆ ಹಬ್ಬಿತು. ಸೀಸೆಯಲ್ಲಿ ಪಾನೀಯ ಮಾರುವವರಿಗೂ ಅದು ಹಿತವಾದ ಮಾತು. 2002ರಲ್ಲಿ ಬಾಸ್ಟನ್ ನಗರದ ಮ್ಯಾರಥಾನ್ ಓಟವನ್ನು ಮುಗಿಸಿದ 488 ಜನರ ರಕ್ತವನ್ನು ವೈದ್ಯರು ಪರೀಕ್ಷಿಸಿದರು. ಫಲ 2005ರಲ್ಲಿ ಪ್ರಕಟವಾಯಿತು. ನೂರಕ್ಕೆ 13 ಜನರಲ್ಲಿ ರಕ್ತದ ಸೋಡಿಯಂ, ಎಂದರೆ ಉಪ್ಪಿನ ಅಂಶ, ಇರಬೇಕಾದುದಕ್ಕಿಂತ ಕಡಿಮೆಯಾಗಿತ್ತು. ಅದಕ್ಕೆ ಮುಖ್ಯ ಕಾರಣ ಅತಿಯಾಗಿ ಕುಡಿದದ್ದೇ. ರಕ್ತ ನೀರಾದರೆ ಮಿದುಳು ಊದಿಕೊಳ್ಳುತ್ತದೆ. ಅದೇ ವರ್ಷದ ಅದೇ ಓಟದಲ್ಲಿ ಓಡಿದ ಒಬ್ಬ ತರುಣಿ ಹೀಗೆಯೇ ಪ್ರಾಣಬಿಟ್ಟಳು. 2015ರಲ್ಲಿ ಹಲವು ದೇಶಗಳ ತಜ್ಞರು ಕೂಡಿ, ಬಾಯಾರಿದಾಗ ಬಾಯಾರಿದಷ್ಟು ಕುಡಿಯಿರಿ ಎಂಬ ತೀರ್ಮಾನಕ್ಕೆ ಬಂದರು. ನೋಡಿದಿರಾ? ನೀರೇ ಬೇಡವೆಂದದ್ದೂ ತಪ್ಪು, ಹೊಟ್ಟೆ ಬಿರಿಯುವಂತೆ ಕುಡಿ ಎಂದದ್ದೂ ತಪ್ಪು. ಹಳೆಯದೆಂಬ ಕಾರಣಕ್ಕೆ ಒಂದು ಮಾತು ಸುಳ್ಳಾಗದು. ಪ್ರಯೋಗಶಾಲೆಯ ಹೆಸರು ಹೊತ್ತು ಬಂದಿತೆಂಬ ಕಾರಣಕ್ಕೆ ಇನ್ನೊಂದು ನಿಜವಾಗದು.

“ಮಾತಿನ ಹಂಗೇಕೆ? ಕಣ್ಣಾರೆ ಕಂಡದ್ದನ್ನು ನಂಬಿದರಾಯಿತಲ್ಲ” ಎಂದು ನಿಮ್ಮಲ್ಲಿ ಯಾರಾದರೂ ಹೇಳಬಹುದು. ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣವಿಲ್ಲವೆಂಬುದು ಗಾದೆಯಷ್ಟೇ ಹಳೆಯ ನಂಬಿಕೆ. ಅದಕ್ಕೆ ನಮ್ಮ ಕನ್ನಡ ನಾಡಿನದೇ ಒಂದು ಇತಿಹಾಸವನ್ನು ಹೇಳುತ್ತೇನೆ.

ತಿರುಮಲೆ ಕೃಷ್ಣಮಾಚಾರ್ಯರು 1888ರಲ್ಲಿ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದವರು. ಕಾಶಿಯಲ್ಲಿ ಶಾಸ್ತ್ರಗಳನ್ನೋದಿದ ವಿದ್ವಾಂಸರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ನಡೆಯತೊಡಗಿತು. ಮರುವರ್ಷ, 1934ರಲ್ಲಿ, ಅವರ ‘ಯೋಗ ಮಕರಂದ’ ಹೊರಬಂದಿತು. ಆಸನಗಳ ಚಿತ್ರಗಳೊಡನೆ ಅಚ್ಚಾದ ಆ ಗ್ರಂಥ ಕನ್ನಡದ್ದೆಂಬುದು ನಮಗೆ ಹೆಮ್ಮೆಯ ಮಾತು. ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರೂ ಹಾಸನದ ಕಡೆಯ ಪಟ್ಟಾಭಿ ಜೋಯಿಸರೂ ಈ ಗುರುವಿನ ಶಿಷ್ಯರೇ. ಇಂದು ಲೋಕದ ಮೂಲೆಮೂಲೆಗಳಲ್ಲಿ ಕಲಿಸುತ್ತಿರುವ ಯೋಗಾಸನಗಳ ಒಂದು ದೊಡ್ಡ ಹೊಳೆ ಮೈಸೂರಿನ ಆ ಶಾಲೆಯಿಂದ ಹರಿದದ್ದು.

ಆಚಾರ್ಯರು ಸಭೆಗಳಲ್ಲಿ ತೋರಿಸುತ್ತಿದ್ದ ಸಾಧನೆಗಳಲ್ಲಿ ಒಂದು ನಾಡಿಯನ್ನು ನಿಲ್ಲಿಸುವುದು. ನೋಡಬಂದವರು ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ನಾಡಿ ಸಿಕ್ಕುತ್ತಿರಲಿಲ್ಲ. ನಾಡಿಯಿಲ್ಲವೆಂದ ಮೇಲೆ ಹೃದಯವೂ ನಿಂತಿರಬೇಕಲ್ಲವೆ? ಬೆರಳು ಹೇಳಿದ್ದು ಪ್ರತ್ಯಕ್ಷ. ಇದಕ್ಕಿಂತ ಆಧಾರ ಬೇಕೆ?

1935ರಲ್ಲಿ ತೆರೆಸ್ ಬ್ರೋಸ್ ಎಂಬ ಫ್ರೆಂಚ್ ಹೃದ್ರೋಗ ವೈದ್ಯೆ, ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ಹೊತ್ತುಕೊಂಡು ಭಾರತಕ್ಕೆ ಬಂದರು. ಇಂದು ನಾವೆಲ್ಲರೂ ಇ.ಸಿ.ಜಿ. ಎಂದು ಕರೆಯುವುದು ಇದನ್ನೇ. ಅವರು ಪರೀಕ್ಷಿಸಿದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಬ್ರೋಸ್ ಅವರ ವರದಿಯಲ್ಲಿ, ಹೃದಯದ ಗೆರೆಯ ಏರಿಳಿತ ಕೆಲವು ಕ್ಷಣಗಳ ಕಾಲ ಬಹುತೇಕ ಅಡಗಿಹೋದ ದಾಖಲೆಯಿತ್ತು. ಬೆರಳಿನ ಜೊತೆಗೆ ಯಂತ್ರವೂ ಸಾಕ್ಷಿ ನುಡಿಯಿತೆಂದು ಜನ ಬೆರಗಾದರು. ಯೋಗಿಗಳು ಹೃದಯವನ್ನು ನಿಲ್ಲಿಸಬಲ್ಲರೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹಾಯಿತು.

ಆದರೆ ಆ ಗೆರೆಯನ್ನು ಬರೆದದ್ದು ಯಂತ್ರದ ಒಂದೇ ಜೋಡಣೆಯಿಂದ. ಮನೆಯನ್ನು ಒಂದೇ ಕಿಟಕಿಯಿಂದ ನೋಡಿದರೆ ಒಳಗಿನವನು ಮೂಲೆಗೆ ಸರಿದಾಗ ಮನೆ ಬರಿದಾದಂತೆ ಕಾಣುತ್ತದೆ. ಉಸಿರನ್ನು ತುಂಬಿ ಬಿಗಿಹಿಡಿದಾಗ ಎದೆಯೊಳಗೆ ಹೃದಯದ ನಿಲುವು ತುಸು ತಿರುಗುತ್ತದೆ. ಒಂದು ಜೋಡಣೆಯಲ್ಲಿ ಗೆರೆ ಚಿಕ್ಕದಾದರೆ ಮತ್ತೊಂದರಲ್ಲಿ ಕಾಣಿಸಬಹುದು. ಇದನ್ನು ತೀರ್ಮಾನಿಸಬೇಕೆಂದೇ 1957ರಲ್ಲಿ ಅಮೆರಿಕದಿಂದ ವೆಂಗರ್ ಮತ್ತು ಬಸುಕುಮಾರ ಬಾಗ್ಚಿ ಎಂಬ ಇಬ್ಬರು ಬಂದರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಬಿ. ಕೆ. ಆನಂದರು ಜೊತೆಗೂಡಿದರು. ಹೃದಯದ ಗೆರೆ, ಉಸಿರು, ಬೆರಳ ತುದಿಯ ರಕ್ತದ ಮಿಡಿತ, ಎದೆಯ ಸದ್ದು ಇವನ್ನೆಲ್ಲ ಒಟ್ಟೊಟ್ಟಿಗೆ ಬರೆಯುವ ಏರ್ಪಾಡು ಅವರದು. ಅಷ್ಟರಲ್ಲಿ ಮದರಾಸಿಗೆ ಹೋಗಿ ನೆಲಸಿದ್ದ, ಎಪ್ಪತ್ತರ ಸಮೀಪದ ಕೃಷ್ಣಮಾಚಾರ್ಯರನ್ನೂ ಅವರು ಕಂಡರು. ಫಲ 1961ರಲ್ಲಿ ಪ್ರಕಟವಾಯಿತು.

ಅದರ ತಾತ್ಪರ್ಯ ಹೀಗೆ. ಉಸಿರನ್ನು ತುಂಬಿಕೊಂಡು, ಗಂಟಲನ್ನು ಮುಚ್ಚಿ, ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಲವಾಗಿ ಬಿಗಿದರೆ ಎದೆಯೊಳಗಿನ ಒತ್ತಡ ಏರುತ್ತದೆ. ಮೈಯಿಂದ ಹೃದಯಕ್ಕೆ ಮರಳುವ ರಕ್ತನಾಳಗಳು ಮೆತ್ತಗಿನವು, ಅವು ಒತ್ತಿಹೋಗುತ್ತವೆ. ಬಾವಿಗೆ ಒರತೆ ಕಟ್ಟಿದಂತೆ ಹೃದಯಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ. ಬರುವುದು ಕಡಿಮೆಯಾದರೆ ಹೊರದೂಡುವುದೂ ಕಡಿಮೆ. ಮಣಿಕಟ್ಟಿನ ನಾಡಿ ಬೆರಳಿಗೆ ಸಿಕ್ಕದಷ್ಟು ಕ್ಷೀಣವಾಗುತ್ತದೆ. ಸ್ನಾಯುಗಳ ಬಿಗಿತದ ಸದ್ದಿನಲ್ಲಿ ಹೃದಯದ ಸದ್ದು ಅಡಗುತ್ತದೆ. ಆದರೆ ಗೆರೆ ಬರೆಯುವ ಯಂತ್ರದಲ್ಲಿ ಹೃದಯ ತನ್ನ ಪಾಡಿಗೆ ತಾನು ಮಿಡಿಯುತ್ತಲೇ ಇತ್ತು. ನಾಡಿ ಮರೆಯಾದದ್ದು ನಿಜ, ಹೃದಯ ನಿಂತಿರಲಿಲ್ಲ. ಪರೀಕ್ಷೆಗೆ ಬಂದ ಇನ್ನೊಬ್ಬ ಸಾಧಕರು ಮಾತ್ರ ಬೇರೆ ಬಗೆಯಲ್ಲಿ ಹೃದಯದ ಗತಿಯನ್ನು ನಿಜವಾಗಿಯೇ ನಿಧಾನಗೊಳಿಸಿ ತೋರಿಸಿದರೆಂಬುದನ್ನೂ ಆ ವರದಿ ಮರೆಮಾಚದೆ ದಾಖಲಿಸಿದೆ. (ಇದನ್ನು ಮನೆಯಲ್ಲಿ ಮಾಡಿನೋಡುವ ಸಾಹಸ ಬೇಡ, ತಲೆಸುತ್ತಿ ಬೀಳುವ ಅಪಾಯವುಂಟು.)

ಇದರಿಂದ ಆಚಾರ್ಯರ ಗೌರವಕ್ಕೆ ಕುಂದು ಬಂದಿತೆ? ನನಗೆ ಹಾಗೆ ತೋರುವುದಿಲ್ಲ. ಯಂತ್ರದ ಮುಂದೆ ಕುಳಿತುಕೊಳ್ಳಲು ಒಪ್ಪಿದವರು ಅವರು. ತನ್ನ ಮಾತನ್ನು ಅಳತೆಗೆ ಒಡ್ಡುವ ಧೈರ್ಯ ಎಲ್ಲರಲ್ಲಿಯೂ ಇರುವುದಲ್ಲ. ಅಲ್ಲದೆ ಅವರ ವಿದ್ಯೆಯಲ್ಲಿ ಅಳತೆಗೆ ನಿಂತದ್ದೂ ಉಂಟು. ಬಹುಕಾಲದ ಸೊಂಟನೋವಿಗೆ ಯೋಗಾಭ್ಯಾಸದಿಂದ ಪ್ರಯೋಜನವುಂಟೆ ಎಂದು ಬೇರೆಬೇರೆ ಕಡೆ ನಡೆದ 12 ಪರೀಕ್ಷೆಗಳನ್ನು, ಒಟ್ಟು 1080 ಜನರ ಲೆಕ್ಕವನ್ನು, 2017ರಲ್ಲಿ ಒಟ್ಟುಗೂಡಿಸಿ ನೋಡಿದರು. ಯಾವ ವ್ಯಾಯಾಮವನ್ನೂ ಮಾಡದವರಿಗಿಂತ ಯೋಗ ಮಾಡಿದವರ ಓಡಾಟ, ಕೆಲಸಕಾರ್ಯ ತಕ್ಕಮಟ್ಟಿಗೆ ಸುಧಾರಿಸಿತ್ತು. ತಕ್ಕಮಟ್ಟಿಗೆ, ಅಷ್ಟೆ, ಪವಾಡವೇನಲ್ಲ. ಸೊಂಟ ಹಿಡಿದುಕೊಂಡು ತೋಟಕ್ಕೆ ಇಳಿಯಲಾರದವನಿಗೆ ಅಷ್ಟೇ ದೊಡ್ಡದು. ‘ಯೋಗ ಮಕರಂದ’ದಲ್ಲಿ ಒಂದೊಂದು ಆಸನಕ್ಕೂ ಇಂಥಿಂಥ ರೋಗ ನಿವಾರಣೆಯೆಂದು ಫಲವನ್ನು ಹೇಳಿದೆ. ಪುರಾಣದ ಕೊನೆಯ ಫಲಶ್ರುತಿಯನ್ನು ನಾವು ಹೇಗೆ ಓದುತ್ತೇವೆ? ಮೀಮಾಂಸಕರು ಅದನ್ನು ಅರ್ಥವಾದವೆನ್ನುತ್ತಾರೆ; ಓದುಗನಿಗೆ ಉತ್ಸಾಹ ಹುಟ್ಟಿಸುವ ಹೊಗಳಿಕೆಯ ಮಾತದು. ವಿಧಿಯೇ ಬೇರೆ, ಅರ್ಥವಾದವೇ ಬೇರೆ. ಇಂದು ಡಬ್ಬಿಯ ಮೇಲೆ, ಗೋಡೆಯ ಮೇಲೆ, ಕೈಫೋನಿನ ಗಾಜಿನ ಮೇಲೆ ಬರುವ ಶಕ್ತಿಪುಡಿಗಳ ವರ್ಣನೆಯೂ ಫಲಶ್ರುತಿಯೇ. ಸಂಸ್ಕೃತದ ಬದಲು ಅಂಕಿಗಳಲ್ಲಿ ಬರೆದಿದೆ, ಅಷ್ಟೆ ವ್ಯತ್ಯಾಸ.

ಅಂಕಿಯೆಂದೊಡನೆ ಮತ್ತೊಂದು ಪ್ರಶ್ನೆ ಏಳುತ್ತದೆ. ಮಾತನ್ನು ನಂಬಬೇಡ, ಕಣ್ಣನ್ನೂ ನಂಬಬೇಡ; ಸರಿ, ಗಡಿಯಾರವನ್ನಾದರೂ ನಂಬಬಹುದಷ್ಟೆ? ಇದಕ್ಕೆ ಉತ್ತರ ಹುಡುಕಲು ನಾವು ಘಟ್ಟ ಇಳಿದು ಕಾರ್ಕಳ, ಮೂಡಬಿದಿರೆಗಳ ಕಡೆಗೆ ಹೋಗಬೇಕು.

2020ನೆಯ ಫೆಬ್ರವರಿ 1ರಂದು ದಕ್ಷಿಣ ಕನ್ನಡದ ಐಕಳದಲ್ಲಿ ಕಂಬಳ ನಡೆಯಿತು. ಕೆಸರು ನೀರು ತುಂಬಿದ ಕರೆಯಲ್ಲಿ ಮೂಡಬಿದಿರೆಯ ಕಡೆಯ ಶ್ರೀನಿವಾಸ ಗೌಡರು ಒಂದು ಜೋಡಿ ಕೋಣಗಳನ್ನು 142.5 ಮೀಟರು ಓಡಿಸಿದರು. ಹಿಡಿದ ಕಾಲ 13.62 ಸೆಕೆಂಡು. ಯಾರೋ ತ್ರೈರಾಶಿ ಹಾಕಿದರು: 142.5 ಮೀಟರಿಗೆ 13.62 ಆದರೆ 100 ಮೀಟರಿಗೆ ಎಷ್ಟು? ಉತ್ತರ 9.55. ಜಮೈಕಾ ದೇಶದ ಉಸೇನ್ ಬೋಲ್ಟ್ 2009ನೆಯ ಆಗಸ್ಟ್ 16ರಂದು ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಕೆಲವೇ ದಿನಗಳಲ್ಲಿ ಸುದ್ದಿ ದೇಶವನ್ನೆಲ್ಲ ಸುತ್ತಿತು. ಕೇಂದ್ರದ ಕ್ರೀಡಾಮಂತ್ರಿಗಳು ಗೌಡರನ್ನು ಪರೀಕ್ಷಾ ಓಟಕ್ಕೆ ಕರೆಸುವುದಾಗಿ ಪ್ರಕಟಿಸಿದರು. ಅದೇ ತಿಂಗಳ 16ರಂದು ವೇಣೂರಿನ ಕಂಬಳದಲ್ಲಿ ನಿಶಾಂತ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದಾಗ ತ್ರೈರಾಶಿಯ ಉತ್ತರ 9.51ಕ್ಕೆ ಇಳಿಯಿತು. ನಮ್ಮ ಶಾಲೆಯ ಹುಡುಗರು ನನ್ನನ್ನು ಸುತ್ತುವರಿದು, “ಸಾರ್, ನಮ್ಮವರು ಬೋಲ್ಟನನ್ನು ಸೋಲಿಸಿದರಂತೆ, ಹೌದೇ?” ಎಂದು ಕೇಳಿದರು. ಹೌದೆನ್ನಲು ನನ್ನ ನಾಲಗೆಯೂ ತವಕಿಸಿತು. ನಮ್ಮವನೊಬ್ಬ ಗೆದ್ದನೆಂದರೆ ಯಾರಿಗೆ ಬೇಡ?

ಇಲ್ಲಿ ಮುಂದಿಟ್ಟಿರುವುದು ಉಪಮಾನ. ಒಂದನ್ನು ಇನ್ನೊಂದಕ್ಕೆ ಹೋಲಿಸುವಾಗ ಸಾಧಾರಣ ಧರ್ಮವಿರಬೇಕೆಂಬುದು ಅಲಂಕಾರಶಾಸ್ತ್ರದ ಮೊದಲನೆಯ ಪಾಠ. ಈ ಎರಡು ಓಟಗಳಲ್ಲಿ ಸಾಧಾರಣ ಧರ್ಮ ಎಷ್ಟು? ನಾನು ಕರಿಹಲಗೆಯ ಮೇಲೆ ಒಂದೊಂದಾಗಿ ಬರೆದೆ.

ಮೊದಲನೆಯದು ತ್ರೈರಾಶಿ. ಅಕ್ಕಿಯ ಬೆಲೆಗೆ ಅದು ಸರಿ; ಓಟಕ್ಕೆ ಒಗ್ಗುವುದಿಲ್ಲ. ಬರ್ಲಿನ್ನಿನ ಓಟದಲ್ಲಿ ಬೋಲ್ಟನಿಗೆ ಮೊದಲ 20 ಮೀಟರಿಗೆ 2.89 ಸೆಕೆಂಡು ಬೇಕಾಯಿತು. 60ರಿಂದ 80ರವರೆಗಿನ 20 ಮೀಟರಿಗೆ ಸಾಕಾದದ್ದು 1.61 ಸೆಕೆಂಡು. ನಿಂತಲ್ಲಿಂದ ವೇಗ ಹಿಡಿಯುವುದರಲ್ಲಿಯೇ ಕಾಲ ಹೆಚ್ಚು ಕಳೆಯುತ್ತದೆ. ದೂರ ಸ್ವಲ್ಪ ಹೆಚ್ಚಿದರೆ ಆ ನಿಧಾನದ ಭಾರ ಹಂಚಿಹೋಗಿ ಸರಾಸರಿ ಹಗುರಾಗುತ್ತದೆ. 142 ಮೀಟರಿನ ಸರಾಸರಿಯಿಂದ 100 ಮೀಟರಿನ ಓಟವನ್ನು ಕತ್ತರಿಸಿ ತೆಗೆಯಲಾಗದು.

ಎರಡನೆಯದು ಗಡಿಯಾರ. ಕೈಗಡಿಯಾರ ಒತ್ತುವವನು ಪಿಸ್ತೂಲಿನ ಹೊಗೆಯನ್ನು ಕಂಡ ಮೇಲೆ ಒತ್ತುತ್ತಾನೆ. ಕೊನೆಯ ಗೆರೆಯಲ್ಲಿ ಮಾತ್ರ ಓಟಗಾರ ಬರುವುದನ್ನು ಕಾದಿದ್ದು ಒತ್ತುತ್ತಾನೆ. ಹೀಗೆ ಕೈಗಡಿಯಾರದ ಓಟ ಸುಮಾರು ಕಾಲು ಸೆಕೆಂಡು ಬೇಗ ಮುಗಿದಂತೆ ಕಾಣುತ್ತದೆ. ಆದುದರಿಂದ 1977ರಿಂದ ಈಚೆಗೆ ಇಂಥ ಓಟಗಳ ವಿಶ್ವದಾಖಲೆಗೆ ವಿದ್ಯುತ್ ಗಡಿಯಾರವೇ ಆಗಬೇಕು. ಕಂಬಳದಲ್ಲಿಯೂ ಕೊನೆಯ ಗೆರೆಗೆ ಬೆಳಕಿನ ಕಿರಣದ ಯಂತ್ರ ಬಂದಿದೆ. ಆದರೂ ಒಲಿಂಪಿಕ್ ಮಾದರಿಯ ಓಟದಲ್ಲಿ ಇನ್ನೂ ಹಲವು ಕಟ್ಟುಪಾಡುಗಳುಂಟು. ಸದ್ದು ಕೇಳಿದ 0.1 ಸೆಕೆಂಡಿನೊಳಗೆ ಕಾಲು ಕಿತ್ತರೆ ತಪ್ಪು ಆರಂಭ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರನ್ನು ಮೀರಿದರೆ ದಾಖಲೆಯಿಲ್ಲ. ಕೋಣಗಳಿಗೆ ಈ ನಿಯಮಗಳನ್ನು ಯಾರು ಹೇಳಬೇಕು?

ಮೂರನೆಯದೇ ಮುಖ್ಯ. ಕಂಬಳದಲ್ಲಿ ಓಡುವವನು ಒಬ್ಬನೇ ಅಲ್ಲ. ಎರಡು ಕೋಣಗಳೂ ಒಬ್ಬ ಮನುಷ್ಯನೂ ಕೂಡಿ ಓಡುತ್ತಾರೆ. ಕೈಯಲ್ಲಿ ಹಿಡಿದದ್ದು ಆತನನ್ನು ಮುಂದಕ್ಕೆ ಸೆಳೆಯುತ್ತದೆ. ಓಟಗಾರನ ಸೊಂಟಕ್ಕೆ ಹಗ್ಗ ಕಟ್ಟಿ ಮುಂದಿನಿಂದ ಎಳೆದು ಅಭ್ಯಾಸ ಮಾಡಿಸುವ ಒಂದು ಕ್ರಮ ಇಂದಿನ ಕ್ರೀಡಾಶಿಕ್ಷಣದಲ್ಲಿಯೂ ಉಂಟು. ಹಾಗೆ ಎಳೆದಾಗ ಹೆಜ್ಜೆ ನೀಳವಾಗಿ, ಆತ ತನ್ನ ಸ್ವಂತ ಶಕ್ತಿಯ ಪರಮಾವಧಿಗಿಂತ ವೇಗವಾಗಿ ಓಡುತ್ತಾನೆಂಬುದು ಅಳೆದು ಕಂಡ ಸಂಗತಿ. ಕೆಸರು ಕಾಲನ್ನು ಹಿಡಿಯುತ್ತದೆ, ನಿಜ. ಕೋಣಗಳು ಕೈಯನ್ನು ಎಳೆಯುತ್ತವೆ. ಈ ಹಿಡಿತವೆಷ್ಟು, ಆ ಎಳೆತವೆಷ್ಟು ಎಂದು ಬೇರ್ಪಡಿಸದೆ ಮನುಷ್ಯನ ಪಾಲನ್ನು ಹೇಳಲು ಬಾರದು.

ಇದನ್ನು ಎಲ್ಲರಿಗಿಂತ ಮೊದಲು ಹೇಳಿದವರು ಯಾರು ಗೊತ್ತೆ? ಶ್ರೀನಿವಾಸ ಗೌಡರೇ. ಕೋಣಗಳೂ ಓಡಿದುವು, ಕೀರ್ತಿಯಲ್ಲಿ ಅವಕ್ಕೂ ಪಾಲುಂಟು ಎಂದರು. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಪಂದ್ಯದ ಹಾದಿಯಲ್ಲಿ ತುದಿಗಾಲಿನ ಓಟ, ಎರಡೂ ಬೇರೆ ಎಂದರು. ಪರೀಕ್ಷಾ ಓಟಕ್ಕೆ ಹೋಗಲಿಲ್ಲ. ದೇಶವೆಲ್ಲ ಹೊಗಳುತ್ತಿರುವಾಗ ತನ್ನ ಹೊಗಳಿಕೆಗೆ ತಾನೇ ಅಳತೆಗೋಲು ಹಿಡಿದ ಆ ಕೆಲಸಗಾರನಲ್ಲಿ ನಾನು ಒಬ್ಬ ನೈಯಾಯಿಕನನ್ನು ಕಂಡೆ. ಅವರು ಬೋಲ್ಟನನ್ನು ಸೋಲಿಸಬೇಕಾದ ಆವಶ್ಯಕತೆಯಾದರೂ ಏನಿತ್ತು? ಕೆಸರಿನಲ್ಲಿ ಎರಡು ಕೋಣಗಳ ಓಟಕ್ಕೆ ತನ್ನ ಕಾಲನ್ನು ಹೊಂದಿಸುವ ವಿದ್ಯೆ ಬರ್ಲಿನ್ನಿನಲ್ಲಿ ಯಾರಿಗೂ ಬಾರದು. ಅದನ್ನು ಬರ್ಲಿನ್ನಿನ ಕೋಲಿನಿಂದ ಅಳೆಯಹೋಗಿ ನಾವು ನಮ್ಮ ಕಂಬಳವನ್ನೇ ಕಾಣದೆಹೋದೆವು.

ಇನ್ನು ಉಳಿದದ್ದು ಅನುಮಾನ. ಈ ಶಬ್ದದಲ್ಲೊಂದು ಚಮತ್ಕಾರವುಂಟು. ಶಾಸ್ತ್ರದಲ್ಲಿ ಅನುಮಾನವೆಂದರೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು, ಎಂದರೆ ತರ್ಕದಿಂದ ತಿಳಿಯುವುದು. ನಮ್ಮ ಆಡುಮಾತಿನಲ್ಲಿ ಅನುಮಾನವೆಂದರೆ ಸಂದೇಹ. ಈ ಎರಡು ಅರ್ಥಗಳು ಒಂದೇ ಮನೆಯಲ್ಲಿರುವುದು ಆಕಸ್ಮಿಕವಿರಬಹುದು. ಆದರೆ ನನಗೆ ಅದರಿಂದ ಪಾಠ ಸಿಕ್ಕಿದೆ. ಸಂದೇಹಪಟ್ಟು ಅಲ್ಲಿಯೇ ನಿಂತವನು ಬರಿಯ ಸಂಶಯಾತ್ಮ. ಎಲ್ಲವೂ ಬುರುಡೆಯೆಂದು ಕೈಯಾಡಿಸಿಬಿಡುವುದು ಸುಲಭ. ಸಂದೇಹದಿಂದ ಹೊರಟು ತಿಳಿವಿನವರೆಗೆ ನಡೆದರೆ ಮಾತ್ರ ಅನುಮಾನ ಪ್ರಮಾಣವಾಗುತ್ತದೆ. ಆ ದಾರಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರೇ. ಅಳೆದವರು ಯಾರು, ಹೇಗೆ ಅಳೆದರು? ಯಾವುದರೊಡನೆ ಹೋಲಿಸಿದರು? ಮತ್ತೊಬ್ಬರು ಅಳೆದಾಗಲೂ ಅದೇ ಬಂದಿತೆ? ರೇಡಿಯೋದ ಮುಂದೆ ಕುಳಿತಾಗಲಿ, ಅಂಗಡಿಯಲ್ಲಿ ಮಗನಿಗೆಂದು ಪುಡಿಯ ಡಬ್ಬಿಯನ್ನು ಕೈಗೆತ್ತಿಕೊಂಡಾಗಲಿ, ಈ ಮೂರನ್ನು ಕೇಳಲು ಪಾಂಡಿತ್ಯ ಬೇಕಾಗಿಲ್ಲ.

ಮುಗಿಸುವ ಮೊದಲು ಇನ್ನೊಂದು ತಪ್ಪೊಪ್ಪಿಗೆ. ಈಚೆಗೆ ನಮ್ಮ ಬಯಲಿನಲ್ಲಿ ಓಟಕ್ಕೆ ಮುಂಚೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಾಗಿ ಕಾಲ್ಬೆರಳು ಮುಟ್ಟಿ ಹಾಗೆಯೇ ಇರುವಂತೆ ಹೇಳುತ್ತಿದ್ದೆ. “ಹೀಗೆ ನರ ಎಳೆದುಕೊಂಡರೆ ಪೆಟ್ಟಾಗುವುದಿಲ್ಲ” ಎನ್ನುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಗಿದಲ್ಲಿಂದಲೇ ತಲೆಯೆತ್ತಿ, “ಅದನ್ನು ಯಾರು ಅಳೆದರು ಸಾರ್?” ಎಂದಳು. ಉಳಿದವರು ನಕ್ಕರು. ನನಗೆ ಗದ್ದೆಯ ಹೆಂಗಸಿನ ನೆನಪಾಯಿತು.

ಮನೆಗೆ ಹೋಗಿ ಹುಡುಕಿದೆ. ಅಳೆದವರಿದ್ದರು. ಆಸ್ಟ್ರೇಲಿಯದ ಸೈನ್ಯಕ್ಕೆ ಹೊಸದಾಗಿ ಸೇರಿದ 1538 ತರುಣರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಮೈ ಬಿಸಿ ಮಾಡಿಕೊಳ್ಳುವ ಲಘು ವ್ಯಾಯಾಮ ಎರಡು ಪಾಲಿನವರಿಗೂ ಉಂಟು. ಸ್ನಾಯುಗಳನ್ನು ಎಳೆದು ಹಿಡಿಯುವ ವ್ಯಾಯಾಮ ಒಂದು ಪಾಲಿನವರಿಗೆ ಮಾತ್ರ. ಹನ್ನೆರಡು ವಾರಗಳ ಕವಾಯತಾದ ಮೇಲೆ ಪೆಟ್ಟಾದವರನ್ನು ಎಣಿಸಿದರು. ಎರಡು ಪಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ಪ್ರಕಟವಾದದ್ದು 2000ನೆಯ ಇಸವಿಯಲ್ಲಿ. ಅಷ್ಟೂ ವರ್ಷ ನಾನು ಮಕ್ಕಳನ್ನು ಬಾಗಿಸುತ್ತಲೇ ಇದ್ದೆ.

ಮರುದಿನ ಬಯಲಿನಲ್ಲಿ ಅದನ್ನು ಹಾಗೆಯೇ ಹೇಳಿದೆ. ಬಾಗುವುದನ್ನು ಬಿಟ್ಟು ಮೆಲ್ಲನೆ ಎರಡು ಸುತ್ತು ಓಡಿ ಮೈ ಬಿಸಿ ಮಾಡಿಕೊಳ್ಳಿರೆಂದೆ. ಆ ಹುಡುಗಿ ಎರಡು ಸುತ್ತು ಮುಗಿಸಿ, ಬೇಲಿಯ ಬಳಿ ನೆರಳಿನಲ್ಲಿಟ್ಟಿದ್ದ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದು, ಮತ್ತೆ ಸಾಲಿಗೆ ಹೋಗಿ ನಿಂತಳು.